‘ಹೂಡೂ ಮ್ಯಾನ್ ಬ್ಲೂಸ್’: ನಾಲ್ವರು ಕೂಡಿ ನುಡಿಸಿದ್ದು



ಇಡೀ ಬ್ಲೂಸ್ ಪರಂಪರೆಯನ್ನು ಒಂದು ಗಂಟೆಯಲ್ಲಿ ಪರಿಚಯಿಸುವ ಸಾಹಸಕ್ಕೆ ನಾನು ಕೈಹಾಕುವುದಿಲ್ಲ. ಒಂದೇ ಒಂದು ಧ್ವನಿಮುದ್ರಿಕೆಯ ಬಗ್ಗೆ ಮಾತಾಡುತ್ತೇನೆ. 1965ರ ಸೆಪ್ಟೆಂಬರ್ 22 ಮತ್ತು 23ರಂದು ಅಮೆರಿಕದ ಶಿಕಾಗೊ ನಗರದ ಸೌಂಡ್ ಸ್ಟುಡಿಯೋಸ್‌ನಲ್ಲಿ ನಾಲ್ಕು ಜನ ಕೂತು ಹನ್ನೆರಡು ಹಾಡು ನುಡಿಸಿದರು. ಡೆಲ್ಮಾರ್ಕ್ ಎಂಬ ಸಣ್ಣ ಕಂಪನಿ ಅದೇ ವರ್ಷದ ಕೊನೆಯಲ್ಲಿ ಅದನ್ನು ‘ಹೂಡೂ ಮ್ಯಾನ್ ಬ್ಲೂಸ್’ ಎಂಬ ಹೆಸರಿನಲ್ಲಿ ಹೊರತಂದಿತು. ಹಾಡುಗಾರಿಕೆ, ಹಾರ್ಮೋನಿಕಾ ಜೂನಿಯರ್ ವೆಲ್ಸ್. ಗಿಟಾರ್ ಬಡಿ ಗೈ. ಬೇಸ್ ಜ್ಯಾಕ್ ಮೈಯರ್ಸ್. ಡ್ರಮ್ಸ್ ಬಿಲ್ಲಿ ವಾರನ್. ಹೂಡೂ ಎಂದರೆ ಅಮೆರಿಕದ ದಕ್ಷಿಣ ಸಂಸ್ಥಾನಗಳ ಕಪ್ಪು ಜನರಲ್ಲಿ ಬಳಕೆಯಲ್ಲಿದ್ದ ಮಾಟ, ಮದ್ದು, ಬೇರು-ನಾರುಗಳ ಜಾನಪದ ವಿದ್ಯೆ.

ನನ್ನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಈ ಮುದ್ರಿಕೆಯ ದೊಡ್ಡಸ್ತಿಕೆ ನುಡಿಸಿದ್ದರಲ್ಲಿ ಎಷ್ಟಿದೆಯೋ, ನುಡಿಸದೆ ತಡೆದುಕೊಂಡಿದ್ದರಲ್ಲೂ ಅಷ್ಟೇ ಇದೆ. ಒಳ್ಳೆಯ ಪಕ್ಕವಾದ್ಯದವರಿರುವ ಕಚೇರಿಯನ್ನು ಮನಸಿಟ್ಟು ಕೇಳಿದವರಿಗೆ ಇದು ಹೊಸ ಮಾತಲ್ಲ. ಆದರೆ ಬ್ಲೂಸ್ ಎಂದರೆ ಗಿಟಾರ್ ಕಿರುಚಾಟ ಎಂದು ನಂಬಿಕೊಂಡವರು ಬಹಳ ಇದ್ದಾರೆ, ಅದರಲ್ಲೂ ರಾಕ್ ಸಂಗೀತದ ಮೂಲಕ ಬ್ಲೂಸಿಗೆ ಬಂದವರು. ಅವರು ಈ ತಟ್ಟೆಯನ್ನು ಮೊದಲ ಸಲ ಕೇಳಿದಾಗ ಏನೋ ಕಡಿಮೆಯಾಯಿತಲ್ಲ ಎಂದುಕೊಳ್ಳುವುದುಂಟು. ಆ ಕಡಿಮೆಯೇ ಇದರ ಸಂಪತ್ತು.

ಮೊದಲು ಊರಿನ ಮಾತು. ಇಪ್ಪತ್ತನೆಯ ಶತಮಾನದ ಎರಡನೇ ದಶಕದಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನ ಅಮೆರಿಕದ ದಕ್ಷಿಣ ಭಾಗವನ್ನು ಬಿಟ್ಟು ಉತ್ತರದ, ಪಶ್ಚಿಮದ ನಗರಗಳಿಗೆ ಹೋದರು. ಹತ್ತಿಯ ಹೊಲಗಳಲ್ಲಿ ಪಾಲಿಗೆ ದುಡಿದು ಸಾಲ ತೀರಿಸಲಾಗದವರು, ಬಿಳಿಯರ ಗುಂಪುಹಿಂಸೆಗೆ ಹೆದರಿದವರು, ಕಾರ್ಖಾನೆಯ ಕೂಲಿಯ ಸುದ್ದಿ ಕೇಳಿದವರು. ಮಿಸಿಸಿಪ್ಪಿಯಿಂದ ಹೊರಟವರಿಗೆ ಇಲಿನಾಯ್ ಸೆಂಟ್ರಲ್ ರೈಲು ನೇರವಾಗಿ ಶಿಕಾಗೊ ತಲುಪಿಸುತ್ತಿತ್ತು. ಅವರ ಜೊತೆ ಅವರ ಹಾಡೂ ಬಂತು. ಹಳ್ಳಿಯ ಜಗಲಿಯಲ್ಲಿ ಒಂದು ಗಿಟಾರ್ ಸಾಕಾಗುತ್ತಿತ್ತು. ಶಿಕಾಗೊದ ಗದ್ದಲದ ಬಾರಿನಲ್ಲಿ ಸಾಲಲಿಲ್ಲ. ಗಿಟಾರಿಗೆ ವಿದ್ಯುತ್ ಬಂತು, ಹಾರ್ಮೋನಿಕಾಗೆ ಮೈಕು ಬಂತು, ಡ್ರಮ್ಸ್ ಸೇರಿತು. ಮಡ್ಡಿ ವಾಟರ್ಸ್ ಈ ಹೊಸ ಮೇಳಕ್ಕೆ ರೂಪ ಕೊಟ್ಟ. ಚೆಸ್ ಕಂಪನಿ ಅದನ್ನು ಮುದ್ರಿಸಿ ಮಾರಿತು.

ಜೂನಿಯರ್ ವೆಲ್ಸ್ ಆ ಮಡ್ಡಿ ವಾಟರ್ಸ್ ಮೇಳದಿಂದಲೇ ಬಂದವನು. 1934ರಲ್ಲಿ ಹುಟ್ಟಿದ ಅವನ ಮೊದಲ ಹೆಸರು ಏಮಸ್ ಬ್ಲೇಕ್‌ಮೋರ್. ಬಾಲ್ಯ ಮೆಂಫಿಸ್ ಸುತ್ತಮುತ್ತ. ಹಾರ್ಮೋನಿಕಾದ ಮೊದಲ ಪಾಠಗಳು ಜೂನಿಯರ್ ಪಾರ್ಕರ್ ಎಂಬ ಹಿರಿಯ ಗೆಳೆಯನಿಂದ. ತಾಯಿಯ ಜೊತೆ ಶಿಕಾಗೊಗೆ ಬಂದ ಮೇಲೆ ಹಾರ್ಮೋನಿಕಾ ಪಡೆದ ಬಗೆಯನ್ನು ಅವನೇ ಹೇಳಿಕೊಂಡಿದ್ದಾನೆ. ಗಿರವಿ ಅಂಗಡಿಯಲ್ಲಿ ಎರಡು ಡಾಲರ್ ಬೆಲೆಯ ವಾದ್ಯ. ಸೋಡಾ ಗಾಡಿಯಲ್ಲಿ ದುಡಿದು ಸಿಕ್ಕಿದ್ದು ಒಂದೂವರೆ ಡಾಲರ್. ಅಂಗಡಿಯವನು ಒಪ್ಪಲಿಲ್ಲ. ಹುಡುಗ ಒಂದೂವರೆ ಡಾಲರ್ ಕಟ್ಟೆಯ ಮೇಲಿಟ್ಟು ವಾದ್ಯ ಎತ್ತಿಕೊಂಡು ಹೊರಟ. ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. ಯಾಕೆ ತೆಗೆದುಕೊಂಡೆ ಎಂದು ನ್ಯಾಯಾಧೀಶರು ಕೇಳಿದರೆ, ನನಗೆ ಅದು ಬೇಕೇ ಬೇಕಿತ್ತು ಎಂದ. ನುಡಿಸು ನೋಡೋಣ ಎಂದರು. ನುಡಿಸಿದ. ನ್ಯಾಯಾಧೀಶರು ಉಳಿದ ಅರ್ಧ ಡಾಲರನ್ನು ತಮ್ಮ ಜೇಬಿನಿಂದ ಕೊಟ್ಟು ಪ್ರಕರಣ ಮುಗಿಸಿದರಂತೆ. ಕಥೆ ಹೇಳುವಾಗ ಕಲಾವಿದ ಒಂದಿಷ್ಟು ಬಣ್ಣ ಹಚ್ಚಿರಬಹುದು. ಆ ಹಟ ಮಾತ್ರ ಅವನ ಹಾಡಿನಲ್ಲಿ ಕೊನೆತನಕ ಇತ್ತು.

1952ರಲ್ಲಿ ಮಡ್ಡಿಯ ಹಾರ್ಮೋನಿಕಾ ವಾದಕ ಲಿಟ್ಲ್ ವಾಲ್ಟರ್‌ನ ‘ಜೂಕ್’ ಎಂಬ ವಾದ್ಯಗೀತೆ ಭಾರಿ ಯಶಸ್ಸು ಕಂಡಾಗ ಅವನು ಮಡ್ಡಿಯ ಮೇಳ ಬಿಟ್ಟು, ವೆಲ್ಸ್ ನುಡಿಸುತ್ತಿದ್ದ ‘ಏಸಸ್’ ತಂಡವನ್ನು ತನ್ನದಾಗಿಸಿಕೊಂಡ. ವೆಲ್ಸ್ ಮಡ್ಡಿಯ ಕಡೆಗೆ ಬಂದ. ಹದಿನೆಂಟರ ಆಸುಪಾಸಿನ ಹರೆಯದಲ್ಲಿ ಆ ಪೀಠದಲ್ಲಿ ಕೂರುವುದೆಂದರೆ ಸಣ್ಣ ಮಾತಲ್ಲ. ಆಮೇಲೆ ಸೈನ್ಯದ ಕರೆ, ಸ್ಟೇಟ್ಸ್ ಕಂಪನಿಗೆ ಕೆಲವು ತಟ್ಟೆಗಳು, 1960ರಲ್ಲಿ ಚೀಫ್ ಕಂಪನಿಗೆ ‘ಮೆಸಿನ್ ವಿತ್ ದ ಕಿಡ್’. ಹೆಸರಿತ್ತು, ಪೂರ್ಣ ಪ್ರಮಾಣದ ಎಲ್‌ಪಿ ಇರಲಿಲ್ಲ.

ಬಡಿ ಗೈ 1936ರಲ್ಲಿ ಲೂಸಿಯಾನಾದ ಲೆಟ್ಸ್‌ವರ್ತ್ ಎಂಬ ಹಳ್ಳಿಯಲ್ಲಿ, ಪಾಲಿಗೆ ದುಡಿಯುವ ಒಕ್ಕಲು ಕುಟುಂಬದಲ್ಲಿ ಹುಟ್ಟಿದ. 1957ರ ಸೆಪ್ಟೆಂಬರ್ 25ರಂದು ಶಿಕಾಗೊಗೆ ಬಂದಿಳಿದ. ಆ ದಿನಾಂಕವನ್ನು ಅವನು ಎರಡನೇ ಹುಟ್ಟುಹಬ್ಬದಂತೆ ನೆನೆಯುತ್ತಾನೆ. ಹಸಿವಿನಿಂದ ಕಂಗೆಟ್ಟ ದಿನಗಳಲ್ಲಿ ಮಡ್ಡಿ ವಾಟರ್ಸ್ ಬ್ರೆಡ್ಡು ಮಾಂಸ ಕೊಟ್ಟು ತಿನ್ನಿಸಿದ್ದನ್ನು ಇವತ್ತಿಗೂ ಹೇಳುತ್ತಾನೆ. ಉದ್ದನೆಯ ತಂತಿ ಜೋಡಿಸಿಕೊಂಡು ಗಿಟಾರ್ ನುಡಿಸುತ್ತಲೇ ಜನರ ನಡುವೆ, ಬಾಗಿಲ ಆಚೆ ಬೀದಿಯವರೆಗೆ ನಡೆದುಹೋಗುವ ಅವನ ಆಟ ಕ್ಲಬ್ಬುಗಳಲ್ಲಿ ಪ್ರಸಿದ್ಧವಾಯಿತು. ಆದರೆ ಚೆಸ್ ಕಂಪನಿಯಲ್ಲಿ ಅವನು ಹೆಚ್ಚಾಗಿ ಬೇರೆಯವರ ಹಾಡಿಗೆ ಗಿಟಾರ್ ನುಡಿಸುವ ಕೆಲಸಗಾರನಾಗಿಯೇ ಉಳಿದ. ಅವನ ಆ ಹುಚ್ಚು ಧ್ವನಿ ಕಂಪನಿಗೆ ಬರೀ ಗದ್ದಲವಾಗಿ ಕಂಡಿತ್ತು. ಹಗಲು ಕೆಟ್ಟ ವಾಹನ ಎಳೆಯುವ ಲಾರಿ ಓಡಿಸುತ್ತಿದ್ದ, ರಾತ್ರಿ ನುಡಿಸುತ್ತಿದ್ದ.

ಈ ಇಬ್ಬರು ಸೇರುತ್ತಿದ್ದ ಜಾಗ ಥೆರೇಸಾಸ್ ಲೌಂಜ್. ಸೌತ್ ಇಂಡಿಯಾನಾ ಅವೆನ್ಯೂ 4801ನೇ ನಂಬರಿನ ವಸತಿ ಕಟ್ಟಡದ ನೆಲಮಾಳಿಗೆಯಲ್ಲಿದ್ದ ಪುಟ್ಟ ಬಾರು, ಮೆಟ್ಟಿಲಿಳಿದು ಹೋಗಬೇಕು. ಯಜಮಾನಿ ಥೆರೇಸಾ ನೀಡಮ್. ಬಂದವರು ಸುತ್ತಲ ಬೀದಿಯ ಕೆಲಸಗಾರರು, ದಣಿದು ಬಂದವರು, ಹಾಡು ಹಿಡಿಸದಿದ್ದರೆ ಮುಖದ ಮೇಲೇ ಹೇಳುವವರು. ಅಂಥವರ ಮುಂದೆ ವಾರಗಟ್ಟಲೆ ನುಡಿಸಿ ಪಳಗಿದ ಮೇಳ ಇದು.

ಅದನ್ನು ಕೇಳಲು ಹೋಗುತ್ತಿದ್ದವರಲ್ಲಿ ಬಾಬ್ ಕೆಸ್ಟರ್ ಒಬ್ಬ. ಕಾನ್ಸಾಸ್‌ನ ವಿಚಿಟಾದಲ್ಲಿ ಹುಟ್ಟಿದ ಬಿಳಿಯ, ಹಳೆಯ ಜ್ಯಾಜ್ ತಟ್ಟೆಗಳ ಹುಚ್ಚ. ಸೇಂಟ್ ಲೂಯಿಯಲ್ಲಿ ಕಂಪನಿ ಶುರುಮಾಡಿ 1958ರಲ್ಲಿ ಶಿಕಾಗೊಗೆ ಬಂದು, ಜ್ಯಾಜ್ ರೆಕಾರ್ಡ್ ಮಾರ್ಟ್ ಎಂಬ ಅಂಗಡಿ ನಡೆಸುತ್ತ, ಅದರ ಆದಾಯದಲ್ಲಿ ಮುದ್ರಿಕೆ ಮಾಡುತ್ತಿದ್ದ. ಬಿಗ್ ಜೋ ವಿಲಿಯಮ್ಸ್, ಸ್ಲೀಪಿ ಜಾನ್ ಎಸ್ಟಿಸ್‌ನಂಥ ಹಳ್ಳಿಯ ಹಿರಿಯರನ್ನು ಅವನು ಆಗಲೇ ಮುದ್ರಿಸಿದ್ದ. ವಿದ್ಯುತ್ ಗಿಟಾರಿನ, ನಡುವಯಸ್ಸೂ ತಲುಪದ ಕ್ಲಬ್ ಮೇಳವನ್ನು ಮುದ್ರಿಸುವುದು ಅವನ ಗಿರಾಕಿಗಳ ದೃಷ್ಟಿಯಲ್ಲಿ ಅಪಾಯದ ಕೆಲಸ. ‘ಶುದ್ಧ’ ಬ್ಲೂಸ್ ಎಂದರೆ ಒಂಟಿ ಮುದುಕ, ಮರದ ಗಿಟಾರ್ ಎಂದೇ ಬಿಳಿಯ ರಸಿಕರು ಆಗ ತಿಳಿದಿದ್ದರು.

ಕಪ್ಪು ಗಿರಾಕಿಗಳ ಮಾರುಕಟ್ಟೆಯ ರೂಢಿ ಬೇರೆ. ಅಲ್ಲಿ ಬ್ಲೂಸ್ ಎಂದರೆ ಜ್ಯೂಕ್‌ಬಾಕ್ಸಿಗೆ ಹಾಕುವ, ಒಂದೊಂದು ಬದಿಗೆ ಒಂದೊಂದು ಹಾಡಿನ ತಟ್ಟೆ. ಬ್ಲೂಸ್ ಎಲ್‌ಪಿಗಳು ಬಹುಮಟ್ಟಿಗೆ ಹಳೆಯ ಬಿಡಿ ಹಾಡುಗಳ ಕಂತೆ. 1958ರ ‘ದ ಬೆಸ್ಟ್ ಆಫ್ ಮಡ್ಡಿ ವಾಟರ್ಸ್’ ಹಾಗೆ ಬಂದದ್ದೇ. ಕೆಸ್ಟರ್ ವೆಲ್ಸ್‌ಗೆ ಹೇಳಿದ್ದು ಇಷ್ಟು: ಜ್ಯೂಕ್‌ಬಾಕ್ಸಿನ ಅಳತೆ ಮರೆತುಬಿಡು, ಬಾರಿನಲ್ಲಿ ನುಡಿಸುವುದನ್ನೇ ನುಡಿಸು. ಮೇಳವನ್ನೂ ಹಾಡುಗಳನ್ನೂ ವೆಲ್ಸ್‌ಗೇ ಬಿಟ್ಟ. ಈ ಸ್ವಾತಂತ್ರ್ಯ ಸಿಕ್ಕಿದ ಮೇಲೂ ಅವರು ಹಾಡನ್ನು ಎಳೆಯಲಿಲ್ಲ ಎಂಬುದು ನನಗೆ ಬಹಳ ಮೆಚ್ಚುಗೆಯ ಸಂಗತಿ. ಹೆಚ್ಚಿನವು ನಾಲ್ಕು ನಿಮಿಷದೊಳಗೇ ಮುಗಿಯುತ್ತವೆ. ಗಡಿಯಾರದ ಭಯ ಹೋದಾಗ ಉದ್ದ ಹೆಚ್ಚಲಿಲ್ಲ, ನಿರಾಳ ಹೆಚ್ಚಿತು.

ಈಗ ಸಂಗೀತದ ಒಳಗೆ ಹೋಗೋಣ. ಬ್ಲೂಸಿನ ಸಾಮಾನ್ಯ ಚೌಕಟ್ಟು ಹನ್ನೆರಡು ಅಳತೆಗಳದು, ಅಳತೆಗೆ ನಾಲ್ಕು ಏಟು. ನಾಲ್ಕು ನಾಲ್ಕು ಅಳತೆಯ ಮೂರು ಭಾಗ. ಮೊದಲ ಸಾಲು, ಅದೇ ಸಾಲು ಮತ್ತೊಮ್ಮೆ, ಮೂರನೆಯದಾಗಿ ಅದಕ್ಕೆ ಉತ್ತರವಾಗುವ ಸಾಲು. ಹಾಡುಗಾರನ ಮಾತು ಪ್ರತಿ ಭಾಗದ ಹೆಚ್ಚೂಕಡಿಮೆ ಅರ್ಧವನ್ನಷ್ಟೇ ತುಂಬುತ್ತದೆ. ಉಳಿದರ್ಧ ವಾದ್ಯದ ಮರುನುಡಿಗೆ ಮೀಸಲು. ಹೊಲದಲ್ಲಿ ಒಬ್ಬ ಕೂಗಿ, ಉಳಿದವರು ಓಗೊಡುವ ದುಡಿಮೆಯ ಹಾಡಿನ ಕಟ್ಟು ಇಲ್ಲಿ ಹಾಗೇ ಉಳಿದಿದೆ.

ಆ ಖಾಲಿ ಅರ್ಧವನ್ನು ಏನು ಮಾಡುತ್ತೀರಿ ಎಂಬುದರ ಮೇಲೆ ಮೇಳದ ಯೋಗ್ಯತೆ ನಿಂತಿದೆ. ಮಡ್ಡಿಯ ಮೇಳದಲ್ಲಿ ಎರಡನೇ ಗಿಟಾರ್ ಇತ್ತು, ಪಿಯಾನೊ ಇತ್ತು. ಜಾಗ ಸದಾ ಭರ್ತಿ. ಇಲ್ಲಿ ನಾಲ್ವರೇ. ಪಿಯಾನೊ ಇಲ್ಲ. ಅದೂ ಅಲ್ಲದೆ ವೆಲ್ಸ್ ಹಾಡುವಾಗ ಹಾರ್ಮೋನಿಕಾ ಊದಲಾರ, ಬಾಯಿ ಒಂದೇ. ಆದ್ದರಿಂದ ಓಗೊಡುವ ಹೊಣೆ ಗೈನ ಮೇಲೆ ಬೀಳುತ್ತದೆ. ವೆಲ್ಸ್ ಹಾರ್ಮೋನಿಕಾ ಎತ್ತಿಕೊಂಡ ಕ್ಷಣ ಗೈ ಹಿಂದೆ ಸರಿದು ಬರೀ ತಾಳದ ಒತ್ತುಗಳಿಗೆ ಇಳಿಯಬೇಕು. ಈ ಅದಲುಬದಲು ಇಡೀ ತಟ್ಟೆಯಲ್ಲಿ ಒಂದು ಕಡೆಯೂ ಎಡವುವುದಿಲ್ಲ. ‘ಶಿಪ್ಸ್ ಆನ್ ದ ಓಷನ್’ ಎಂಬ ವಿಳಂಬದ ಹಾಡಿನಲ್ಲಿ ಗೈನ ಗಿಟಾರ್ ಕೇಳಿ. ಕ್ಲಬ್ಬಿನಲ್ಲಿ ಕುಣಿದಾಡುತ್ತಿದ್ದ ಮನುಷ್ಯ ಇಲ್ಲಿ ಒಂದೊಂದೇ ಸ್ವರವನ್ನು ಕಿಂಚಿತ್ತೂ ಒಡಕಿಲ್ಲದ ಧ್ವನಿಯಲ್ಲಿ ಇಡುತ್ತಾನೆ. ವೆಲ್ಸ್‌ನ ಸಾಲು ಮುಗಿದ ಮೇಲೂ ಅರೆಕ್ಷಣ ಕಾಯುತ್ತಾನೆ. ಆ ಕಾಯುವಿಕೆಯಿಂದ ಹಾಡಿನ ಮಾತಿಗೆ ತೂಕ ಬರುತ್ತದೆ.

ಹಾರ್ಮೋನಿಕಾ ಬಗ್ಗೆ ಒಂದಿಷ್ಟು. ನಮ್ಮಲ್ಲಿ ಅದು ಮೌತ್ ಆರ್ಗನ್. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿದ ‘ಶೋಲೆ’ಯಲ್ಲಿ ಅಮಿತಾಭ್ ಬಚ್ಚನ್ ಬಾಯಲ್ಲಿಟ್ಟ ವಾದ್ಯಕ್ಕೆ ನಿಜವಾದ ಉಸಿರು ಕೊಟ್ಟವರು ಭಾನು ಗುಪ್ತ, ಆ ಧುನ್ ಕೇಳದವರು ಈ ಸಭೆಯಲ್ಲಿ ಇರಲಾರರು. ಬ್ಲೂಸಿಗೆ ಬಳಸುವುದು ಹತ್ತು ತೂತಿನ, ಇಪ್ಪತ್ತು ರೀಡಿನ ಚಿಕ್ಕ ವಾದ್ಯ: ಪ್ರತಿ ತೂತಿಗೂ ಊದಿದರೆ ಒಂದು ಸ್ವರ, ಎಳೆದರೆ ಇನ್ನೊಂದು. ಜರ್ಮನಿಯ ಜನಪದ ರಾಗಗಳಿಗೆಂದು ಮಾಡಿದ್ದು. ಅಮೆರಿಕದ ಕಪ್ಪು ವಾದಕರು ಅದನ್ನು ತಿರುಗಿಸಿಬಿಟ್ಟರು. ‘ಇ’ ಶ್ರುತಿಯ ಹಾಡಿಗೆ ‘ಎ’ ಶ್ರುತಿಯ ವಾದ್ಯ ಹಿಡಿದರು. ಹಾಗೆ ಹಿಡಿದಾಗ ಮುಖ್ಯ ಸ್ವರಗಳೆಲ್ಲ ಎಳೆಯುವ ಉಸಿರಿನ ಕಡೆಗೆ ಬರುತ್ತವೆ. ಎಳೆಯುವಾಗ ನಾಲಿಗೆ, ಗಂಟಲುಗಳ ಆಕಾರ ಬದಲಿಸಿದರೆ ಸ್ವರ ಕೆಳಕ್ಕೆ ಬಾಗುತ್ತದೆ. ಕೆಳಗಿನ ತೂತುಗಳಲ್ಲಿ ಚೆನ್ನಾಗಿ ಬಾಗುತ್ತದೆ. ಎರಡು ಸ್ವರಗಳ ನಡುವೆ ಎಲ್ಲಿ ನಿಲ್ಲಬೇಕೆಂದು ವಾದಕನೇ ನಿರ್ಧರಿಸುತ್ತಾನೆ. ಗಮಕಕ್ಕೆ ಒಗ್ಗಿದ ಕಿವಿಗೆ ಇದನ್ನು ವಿವರಿಸಬೇಕಿಲ್ಲ.

ಲಿಟ್ಲ್ ವಾಲ್ಟರ್ ಮೈಕನ್ನು ವಾದ್ಯದ ಜೊತೆ ಅಂಗೈಯಲ್ಲಿ ಮುಚ್ಚಿ ಹಿಡಿದು ಹಾರ್ಮೋನಿಕಾವನ್ನು ಸ್ಯಾಕ್ಸಫೋನಿನಷ್ಟು ದಪ್ಪ ಮಾಡಿದ್ದ. ಎಲ್ಲರೂ ಅವನ ಬೆನ್ನು ಹತ್ತಿದರು. ವೆಲ್ಸ್ ಈ ಮುದ್ರಿಕೆಯಲ್ಲಿ ಆ ದಾರಿ ಬಿಡುತ್ತಾನೆ. ಚಿಕ್ಕ ಚಿಕ್ಕ ತುಣುಕು, ಎರಡೋ ಮೂರೋ ಸ್ವರ, ಸಾಲಿನ ಅಂಚಿನಲ್ಲಿ ಬಂದು ಹೋಗುವುದು. ಅವನ ಹಾಡುಗಾರಿಕೆಯಲ್ಲೂ ಇದೇ ರೀತಿ: ನಾಲಿಗೆಯ ಚಟಕಾರ, ಗುಟುಕು, ಉಸಿರು, ಪದವನ್ನು ಅರ್ಧಕ್ಕೆ ನುಂಗುವುದು. ಬಾಯಿ ಹಾಡುವುದರ ಜೊತೆಗೆ ತಾಳವನ್ನೂ ಹಾಕುತ್ತದೆ.

‘ಸ್ನ್ಯಾಚ್ ಇಟ್ ಬ್ಯಾಕ್ ಅಂಡ್ ಹೋಲ್ಡ್ ಇಟ್’ ಎಂಬ ಮೊದಲ ಹಾಡಿನಲ್ಲೇ ಇದು ಗೊತ್ತಾಗುತ್ತದೆ. 1965ರ ಬೇಸಿಗೆಯಲ್ಲಿ ಜೇಮ್ಸ್ ಬ್ರೌನ್‌ನ ‘ಪಾಪಾಸ್ ಗಾಟ್ ಎ ಬ್ರ್ಯಾಂಡ್ ನ್ಯೂ ಬ್ಯಾಗ್’ ಕಪ್ಪು ಬಡಾವಣೆಗಳನ್ನೆಲ್ಲ ಕುಣಿಸಿತ್ತು. ತರುಣರಿಗೆ ಬ್ಲೂಸ್ ಎಂದರೆ ಅಪ್ಪಂದಿರ, ಊರಲ್ಲಿ ಬಿಟ್ಟುಬಂದ ಕಷ್ಟದ ಸಂಗೀತ. ಆದರೆ ವೆಲ್ಸ್‌ಗೆ ಆಗಿನ್ನೂ ಮೂವತ್ತು, ಗೈಗೆ ಇಪ್ಪತ್ತೊಂಬತ್ತು. ಅವರೂ ಆ ಹೊಸ ಕುಣಿತವನ್ನು ಕೇಳಿದವರೇ. ಆದ್ದರಿಂದ ತಟ್ಟೆ ಶುರುವಾಗುವುದು ಹಳೆಯ ಬ್ಲೂಸಿನ ತೂಗಾಟದಲ್ಲಲ್ಲ, ಬಿಗಿಯಾದ, ಕತ್ತರಿಸಿದ ಫಂಕ್ ಲಯದಲ್ಲಿ. ಪರಂಪರೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವ ಆಸೆ ಈ ಮೇಳಕ್ಕೆ ಇರಲಿಲ್ಲ. ಕೆನ್ನಿ ಬರೆಲ್‌ನ ಜ್ಯಾಜ್ ರಚನೆ ‘ಚಿಟ್ಲಿನ್ಸ್ ಕಾನ್ ಕಾರ್ನೆ’ಯೂ ಇದೇ ತಟ್ಟೆಯಲ್ಲಿದೆ ಎಂದರೆ ಅವರ ಕಿವಿ ಎಷ್ಟು ತೆರೆದಿತ್ತೆಂದು ತಿಳಿಯಿರಿ.

ಹಾಗೆಂದು ಹಿರಿಯರ ಋಣ ಮರೆತವರಲ್ಲ. ‘ಗುಡ್ ಮಾರ್ನಿಂಗ್ ಸ್ಕೂಲ್‌ಗರ್ಲ್’, ‘ಅರ್ಲಿ ಇನ್ ದ ಮಾರ್ನಿಂಗ್’ ಮತ್ತು ಶೀರ್ಷಿಕೆ ಗೀತೆಯ ಬೇರು ಸನ್ನಿ ಬಾಯ್ ವಿಲಿಯಮ್ಸನ್ ಎಂಬ ಹೆಸರಿನ ಇಬ್ಬರಲ್ಲಿ ಮೊದಲನೆಯವನಲ್ಲಿದೆ. ಹಾರ್ಮೋನಿಕಾವನ್ನು ಬ್ಲೂಸಿನ ಮುಂದಾಳು ವಾದ್ಯವನ್ನಾಗಿ ಮಾಡಿದ ಆತ 1948ರಲ್ಲಿ ಶಿಕಾಗೊದ ಬೀದಿಯಲ್ಲೇ ಕೊಲೆಯಾದ. ಶೀರ್ಷಿಕೆ ಗೀತೆಯನ್ನು ವೆಲ್ಸ್ 1953ರಲ್ಲಿಯೇ ಸ್ಟೇಟ್ಸ್ ಕಂಪನಿಗೆ ಒಮ್ಮೆ ಹಾಡಿದ್ದ. ಹನ್ನೆರಡು ವರ್ಷದ ನಂತರದ ಈ ಹಾಡಿಕೆಗೆ ಒಂದು ಅಡಚಣೆಯಿಂದ ಅಂದ ಬಂತು.

ಮುದ್ರಣದ ನಡುವೆ ಗೈನ ಆಂಪ್ಲಿಫಯರ್ ಕೈಕೊಟ್ಟಿತು. ಅದು ರಿಪೇರಿಯಾಗುವ ತನಕ ಕೆಲಸ ನಿಲ್ಲಿಸದೆ, ಸ್ಟುಡಿಯೋದ ಹ್ಯಾಮಂಡ್ ಆರ್ಗನ್‌ಗೆ ಜೋಡಿಸಿದ್ದ ಲೆಸ್ಲಿ ಸ್ಪೀಕರಿಗೆ ಗಿಟಾರಿನ ತಂತಿ ಸಿಕ್ಕಿಸಿದರು. ತಂತ್ರಜ್ಞ ಸ್ಟೂ ಬ್ಲ್ಯಾಕ್. ಲೆಸ್ಲಿ ಎಂದರೆ ಮರದ ಪೆಟ್ಟಿಗೆಯೊಳಗೆ ಮೋಟರಿನಿಂದ ಕೊಂಬು ಸುತ್ತುವ ಸ್ಪೀಕರ್. ಕೊಂಬಿನ ಬಾಯಿ ನಮ್ಮ ಕಡೆ ತಿರುಗಿದಾಗ ಸ್ವರ ತುಸು ಏರುತ್ತದೆ, ಆಚೆ ತಿರುಗಿದಾಗ ಇಳಿಯುತ್ತದೆ. ರೈಲಿನ ಸಿಳ್ಳೆ ಹತ್ತಿರ ಬಂದಾಗ ಒಂದು ಥರ, ದೂರ ಹೋದಾಗ ಇನ್ನೊಂದು ಥರ ಕೇಳುವುದಕ್ಕೆ ಕಾರಣವಾದ ಡಾಪ್ಲರ್ ಪರಿಣಾಮವೇ ಇದು. ಹಾಗಾಗಿ ‘ಹೂಡೂ ಮ್ಯಾನ್ ಬ್ಲೂಸ್’ ಹಾಡಿನಲ್ಲಿ ಗಿಟಾರ್ ಒಂದೆಡೆ ನಿಲ್ಲದೆ ತೂಗುತ್ತದೆ. ಮಾಟಕ್ಕೆ ಸಿಕ್ಕ ಮನುಷ್ಯನ ಹಾಡಿಗೆ ಇದಕ್ಕಿಂತ ಒಪ್ಪುವ ಧ್ವನಿಯನ್ನು ಯೋಚಿಸಿ ಮಾಡಲಾಗುತ್ತಿರಲಿಲ್ಲ. ಗೈ ಆ ಅಪರಿಚಿತ ಧ್ವನಿಯೊಂದಿಗೆ ಹೆಣಗದೆ, ನುಡಿಸುವುದನ್ನು ಇನ್ನಷ್ಟು ಕಡಿಮೆ ಮಾಡಿ ಅದಕ್ಕೆ ಒಗ್ಗಿಕೊಂಡದ್ದನ್ನು ಗಮನಿಸಿ.

ತಟ್ಟೆ ಹೊರಬಂದಾಗ ಅದರ ಮೇಲೆ ಬಡಿ ಗೈನ ಹೆಸರು ಇರಲಿಲ್ಲ. ಅವನು ಚೆಸ್ ಕಂಪನಿಯ ಒಪ್ಪಂದದಲ್ಲಿದ್ದಾನೆಂದು ಕೆಸ್ಟರ್ ಭಾವಿಸಿದ್ದರಿಂದ ಮೊದಲ ಮುದ್ರಣಗಳಲ್ಲಿ ಗಿಟಾರ್ ವಾದಕನ ಹೆಸರು ‘ಫ್ರೆಂಡ್ಲಿ ಚ್ಯಾಪ್’ ಎಂದು ಅಚ್ಚಾಯಿತು. ಕಂಪನಿಗಳ ಕಾಗದಪತ್ರ ಒಬ್ಬ ಕಲಾವಿದನ ಅತ್ಯುತ್ತಮ ಕೆಲಸದಿಂದ ಅವನ ಹೆಸರನ್ನೇ ಕಿತ್ತುಕೊಳ್ಳಬಹುದಾದ ಕಾಲ ಅದು.

ಗೈನ ಹೆಸರು ಆಮೇಲೆ ಬಂತು. ಉಳಿದಿಬ್ಬರ ಹೆಸರು ಅಚ್ಚಾಗಿದ್ದರೂ ಯಾರೂ ಹೇಳುವುದಿಲ್ಲ. ಜ್ಯಾಕ್ ಮೈಯರ್ಸ್, ಬಿಲ್ಲಿ ವಾರನ್. ವೆಲ್ಸ್, ಗೈ ಇಬ್ಬರೂ ಸುಮ್ಮನಿರುವ ಧೈರ್ಯ ಮಾಡಿದ್ದು ಈ ಇಬ್ಬರ ಬಲದಿಂದ. ಮೈಯರ್ಸ್‌ನ ಬೇಸ್ ಸ್ವರದಿಂದ ಸ್ವರಕ್ಕೆ ನಡೆಯುವುದನ್ನು ಬಿಟ್ಟು ಆಗಾಗ ಒಂದು ಪುಟ್ಟ ಸ್ವರಗುಚ್ಛವನ್ನು ಮತ್ತೆ ಮತ್ತೆ ಹೇಳುತ್ತದೆ. ಹಾಡಿನ ರಾಗ ಎಷ್ಟೋ ಕಡೆ ಅವನ ಕೈಯಲ್ಲೇ ಇದೆ. ವಾರನ್ ಅಬ್ಬರಿಸುವುದಿಲ್ಲ. ಮೇಲಿನ ಇಬ್ಬರು ಜಾಗ ಬಿಟ್ಟಾಗ ಅದನ್ನು ತಾನು ತುಂಬಲು ಹೋಗುವುದಿಲ್ಲ. ಅವನ ಬದಲು ಆತುರದ ಡ್ರಮ್ಮರ್ ಇದ್ದಿದ್ದರೆ ಈ ಮುದ್ರಿಕೆ ಇರುತ್ತಿರಲಿಲ್ಲವೆಂದು ನಾನು ಖಂಡಿತವಾಗಿ ಹೇಳುತ್ತೇನೆ.

ಎಲ್ಲ ಹಾಡುಗಳೂ ಒಂದೇ ಎತ್ತರದಲ್ಲಿವೆಯೆಂದು ನಾನು ಹೇಳುವುದಿಲ್ಲ. ‘ಹೌಂಡ್ ಡಾಗ್’ ನನಗೆ ಸಪ್ಪೆ. ಬಿಗ್ ಮಾಮಾ ಥಾರ್ನ್‌ಟನ್ ಅದಕ್ಕೆ ಕೊಟ್ಟ ಗಡಸುತನ ಕೇಳಿದ ಮೇಲೆ ವೆಲ್ಸ್‌ನದು ಬಾರಿನ ಗಿರಾಕಿಗಳ ಬೇಡಿಕೆ ಪೂರೈಸಿದಂತೆ ಕೇಳುತ್ತದೆ. ಆದರೆ ಬಾರಿನ ರಾತ್ರಿಯೆಂದರೆ ಅದೂ ಸೇರಿಯೇ ತಾನೆ.

ಮುಂದಿನದನ್ನು ಬೇಗ ಹೇಳುತ್ತೇನೆ. ಮುದ್ರಿಕೆ ಡೆಲ್ಮಾರ್ಕ್ ಕಂಪನಿಯ ಅತಿ ಹೆಚ್ಚು ಮಾರಾಟದ ತಟ್ಟೆಗಳ ಸಾಲಿಗೆ ಸೇರಿತು. ಇಂಗ್ಲೆಂಡಿನ ರಾಕ್ ತಂಡ ಕ್ರೀಮ್ ಇಲ್ಲಿನ ‘ಹೇ ಲಾಡಿ ಮಾಮಾ’ ಹಾಡಿಕೆಯನ್ನೇ ಆಧಾರವಾಗಿಟ್ಟುಕೊಂಡಿತು. 1967ರ ‘ಸ್ಟ್ರೇಂಜ್ ಬ್ರೂ’ ಅದರಿಂದ ಹುಟ್ಟಿದ್ದು. 1970ರಲ್ಲಿ ವೆಲ್ಸ್–ಗೈ ಜೋಡಿ ರೋಲಿಂಗ್ ಸ್ಟೋನ್ಸ್ ತಂಡದ ಯುರೋಪ್ ಪ್ರವಾಸದಲ್ಲಿ ಮೊದಲು ನುಡಿಸುವ ಮೇಳವಾಗಿ ಹೋಯಿತು. ಕ್ರೀಮ್‌ನ ಗಿಟಾರ್ ವಾದಕನಾಗಿದ್ದ ಎರಿಕ್ ಕ್ಲಾಪ್ಟನ್ ಸಹನಿರ್ಮಾಪಕನಾಗಿದ್ದ, 1972ರಲ್ಲಿ ಬಂದ ಅವರ ಎಲ್‌ಪಿಯಲ್ಲಿ ಹಣವಿತ್ತು, ದೊಡ್ಡ ಹೆಸರುಗಳಿದ್ದವು. ಆದರೆ ಜನ ಹೆಚ್ಚಾದರು, ಜಾಗ ಕಡಿಮೆಯಾಯಿತು. ಕೆಸ್ಟರ್ ಬಳಿ ಕೆಲಸ ಮಾಡುತ್ತಿದ್ದ ಬ್ರೂಸ್ ಇಗ್ಲಾವರ್ 1971ರಲ್ಲಿ ಅಲಿಗೇಟರ್ ಎಂಬ ಬ್ಲೂಸ್ ಕಂಪನಿಯನ್ನು ಕಟ್ಟಿದ್ದು ಈ ಬಗೆಯ ಮುದ್ರಿಕೆಯ ದಾರಿಯಲ್ಲೇ. ‘ಹೂಡೂ ಮ್ಯಾನ್ ಬ್ಲೂಸ್’ 1984ರಲ್ಲಿ ಬ್ಲೂಸ್ ಹಾಲ್ ಆಫ್ ಫೇಮ್‌ಗೂ 2008ರಲ್ಲಿ ಗ್ರ್ಯಾಮಿ ಹಾಲ್ ಆಫ್ ಫೇಮ್‌ಗೂ ಸೇರಿತು. ವೆಲ್ಸ್ ಈ ಎರಡನೆಯ ಗೌರವವನ್ನು ನೋಡಲಿಲ್ಲ; 1998ರ ಜನವರಿ 15ರಂದು, 63ನೇ ವಯಸ್ಸಿನಲ್ಲಿ ತೀರಿಕೊಂಡಿದ್ದ. ಕೆಸ್ಟರ್ 2021ರಲ್ಲಿ ಹೋದ. ಗೈ 2011ರಲ್ಲಿ ಮುಂಬೈನ ಮೆಹಬೂಬ್ ಸ್ಟುಡಿಯೋದಲ್ಲಿ ನಡೆದ ಮೊದಲ ಮಹೀಂದ್ರ ಬ್ಲೂಸ್ ಉತ್ಸವಕ್ಕೆ ಬಂದು ನುಡಿಸಿದ.

ಸಂಘಟಕರು ಧ್ವನಿವರ್ಧಕದ ಜೊತೆ ಒಳ್ಳೆಯ ಸ್ಪೀಕರುಗಳನ್ನೂ ಒದಗಿಸಿದ್ದಾರೆ. ಉಳಿದ ಸಮಯದಲ್ಲಿ ಮೂರು ಹಾಡು ಹಾಕುತ್ತೇನೆ. ಮೊದಲು ‘ಸ್ನ್ಯಾಚ್ ಇಟ್ ಬ್ಯಾಕ್’, ಆಮೇಲೆ ಶೀರ್ಷಿಕೆ ಗೀತೆ, ಕೊನೆಗೆ ‘ವಿ ಆರ್ ರೆಡಿ’ ಎಂಬ ವಾದ್ಯಗೀತೆ. ಕೊನೆಯದನ್ನು ಎರಡು ಸಲ ಹಾಕುತ್ತೇನೆ. ಮೊದಲ ಸಲ ನಿಮಗಿಷ್ಟ ಬಂದಂತೆ ಕೇಳಿ. ಎರಡನೇ ಸಲ ಹಾರ್ಮೋನಿಕಾ, ಗಿಟಾರ್ ಎರಡನ್ನೂ ಬಿಟ್ಟು ಮೈಯರ್ಸ್ ಮತ್ತು ವಾರನ್ ಏನು ಮಾಡುತ್ತಿದ್ದಾರೆಂಬುದನ್ನಷ್ಟೇ ಕೇಳಿ. ಪ್ರಶ್ನೆಗಳನ್ನು ಅಲ್ಲಿಂದ ಶುರುಮಾಡೋಣ.